ಮೆತ್ತನೆಯ ಬುಷ್ ಗಟ್ಟಿ ಪಿನ್ನನ್ನು ಸವೆಸಿದ್ದೇಕೆ?

ಪ್ರಶ್ನೆ: ನಾನು ಬೀದರಿನವನು. ಮನೆತನದಿಂದ ಬಂದದ್ದು ಬಿದರಿ ಕೆಲಸ. ಎರಡು ವರ್ಷಗಳಿಂದ ಮಡಚುವ ಚಾಕುಗಳನ್ನೂ ಕೈಯಾರೆ ಮಾಡುತ್ತಿದ್ದೇನೆ. ಅಲಗು 3 ಮಿ.ಮೀ. ದಪ್ಪ, 80 ಮಿ.ಮೀ. ಉದ್ದ, ಬೆನ್ನಿಗೆ ಸ್ಪ್ರಿಂಗ್ ಪಟ್ಟಿ, ಹಿಡಿಕೆಯ ಕುತ್ತಿಗೆಗೆ ಬೆಳ್ಳಿ ಕೂರಿಸಿದ ಬಿದರಿ ತುಂಡು. ಅಲಗಿನ ತೂತಿಗೆ ಹಿತ್ತಾಳೆ ಬುಷ್ (ಪಿನ್ನಿನ ಸುತ್ತ ಕೂರುವ ಪುಟ್ಟ ಕೊಳವೆ) ಬಿಗಿದು, 304 ದರ್ಜೆಯ 5 ಮಿ.ಮೀ. ಸ್ಟೇನ್‌ಲೆಸ್ ಸರಳಿನ ಪಿನ್ ಹಾಕಿದ್ದೆ. ಮೊದಮೊದಲು ಬಹಳ ಬಿಗಿ ಇತ್ತು. ಸಾಣೆಪುಡಿ ಬೆರೆತ ವಾಲ್ವ್ ಪೇಸ್ಟ್ ಹಚ್ಚಿ ನೂರಾರು ಸಲ ತೆಗೆದು ಮುಚ್ಚಿದ ಮೇಲೆ ಹದಕ್ಕೆ ಬಂತು. ಕುಸುಬಿ ಎಣ್ಣೆ ಬಿಡುತ್ತಿದ್ದೆ. ಆರು ತಿಂಗಳಲ್ಲಿ ಅಲಗು ಅಲುಗಾಡತೊಡಗಿತು. ಬಿಚ್ಚಿ ನೋಡಿದರೆ ಬುಷ್ ಹೊಸದರಂತೆ ಇದೆ, ಪಿನ್ ಸವೆದಿದೆ. ಬೀಸಿಬರುವ ಧೂಳು ಸೇರಿ ಹೀಗಾಯಿತೇ? ಇನ್ನೂ ಗಟ್ಟಿ ಬುಷ್ ಹಾಕಬೇಕೆ? ಫಾಸ್ಫರ್ ಬ್ರಾಂಜ್, ಗನ್‌ಮೆಟಲ್, ಗಟ್ಟಿ ಉಕ್ಕು, ಟೆಫ್ಲಾನ್, ಇವುಗಳಲ್ಲಿ ಯಾವುದು ಸರಿ? ಬಿದರಿ ಲೋಹದಲ್ಲೇ ಬುಷ್ ಎರಕ ಹೊಯ್ಯಬಹುದೇ? ನಮ್ಮ ಕಡೆಯ ಬಿಸಿಲಿಗೆ ಕಂಚು ಹಿಗ್ಗಿ ಅಲಗು ಕಚ್ಚಿಕೊಳ್ಳುವುದೇ?

ಉತ್ತರ: ನೀವು ಬೆಂಕಿಪೊಟ್ಟಣದಲ್ಲಿಟ್ಟು ಕಳುಹಿಸಿದ ಪಿನ್ ಮತ್ತು ಬುಷ್ ಕಲಬುರಗಿಗೆ ಸುರಕ್ಷಿತವಾಗಿ ತಲುಪಿವೆ. ಬರಿಯ ಪತ್ರವಾಗಿದ್ದರೆ ನಾನು ಬಹುಶಃ ಹಿತ್ತಾಳೆಯನ್ನೇ ದೂರಿ ಸುಮ್ಮನಾಗುತ್ತಿದ್ದೆ. ಪಿನ್ನನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಸುತ್ತಲೂ ಅಳೆದಾಗ ಮುಕ್ಕಾಲು ಸುತ್ತಿನಲ್ಲಿ 5 ಮಿ.ಮೀ.ಗೆ ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಒಂದೇ ಬದಿಯಲ್ಲಿ ಮಾತ್ರ, ಬುಷ್ ಕುಳಿತಿದ್ದ 3 ಮಿ.ಮೀ. ಅಗಲಕ್ಕೆ ಸರಿಯಾಗಿ, ಉಗುರಿಗೆ ತಾಗುವಂಥ ಒಂದು ತಗ್ಗು ಬಿದ್ದಿದೆ. ಬುಷ್ಷನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಗಡಿಯಾರ ರಿಪೇರಿಯವರ ಕಣ್ಣುಗಾಜಿನಲ್ಲಿ ಅದರ ಒಳಮೈ ನೋಡಿದೆ. ಹಿತ್ತಾಳೆಯ ಹಳದಿ ಹೊಳಪು ಅಲ್ಲಿ ಇರಲಿಲ್ಲ. ಬೂದು ಬಣ್ಣದ ಮಂಕು ಮೈಯಲ್ಲಿ ಗಸಗಸೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆಗಳು ನೆಟ್ಟುಕೊಂಡಿದ್ದವು. ಅವು ನಿಮ್ಮ ವಾಲ್ವ್ ಪೇಸ್ಟಿನ ಕಾರ್ಬೊರಂಡಮ್ ಕಣಗಳು.

ಮೆತ್ತನೆಯ ಲೋಹವು ಗಟ್ಟಿ ಲೋಹವನ್ನು ಸವೆಸುವುದು ಟೂಲ್‌ರೂಮಿನಲ್ಲಿ ದಿನವೂ ನಡೆಯುವ ಕೆಲಸ. ಗಟ್ಟಿ ಮಾಡಿದ ಉಕ್ಕಿನ ತೂತನ್ನು ನಯಗೊಳಿಸಬೇಕಾದಾಗ ನಾವು ತಾಮ್ರ ಅಥವಾ ಹಿತ್ತಾಳೆಯ ಸರಳಿಗೆ ಪೇಸ್ಟ್ ಸವರಿ ತಿರುಗಿಸುತ್ತೇವೆ. ಕಣಗಳು ಮೆತ್ತನೆಯ ಸರಳಿನಲ್ಲಿ ನಾಟಿ ನಿಂತು, ಎದುರಿನ ಗಟ್ಟಿ ಉಕ್ಕನ್ನು ಕೆರೆಯುತ್ತವೆ. ಅದಕ್ಕೆ ಲ್ಯಾಪಿಂಗ್ ಎನ್ನುತ್ತಾರೆ. ನೀವು ಅರಿಯದೆ ನಿಮ್ಮ ಚಾಕುವಿನೊಳಗೆ ಒಂದು ಲ್ಯಾಪ್ ಕೂರಿಸಿ ಅದನ್ನು ಗಿರಾಕಿಯ ಕೈಗೆ ಕೊಟ್ಟಿದ್ದೀರಿ; ಅವರು ಚಾಕು ತೆಗೆದು ಮುಚ್ಚಿದಷ್ಟು ಸಲವೂ ಅದು ತನ್ನ ಕೆಲಸ ಮಾಡಿದೆ. ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ನಾಟಿದ ಕಣ ಬಿಡುವುದಿಲ್ಲ. ಮೆತ್ತನೆಯ ಬುಷ್ ಚಾಕುವಿನಲ್ಲಿ ಇರುವಾಗ ಪೇಸ್ಟನ್ನು ಹತ್ತಿರಕ್ಕೂ ತರಬಾರದು.

ಬೀಸಿಬರುವ ಧೂಳೇ ಇದಕ್ಕೆ ಕಾರಣವಿರಬಹುದೆಂದು ನಿಮ್ಮಂತೆ ನಾನೂ ಒಂದು ಕ್ಷಣ ಯೋಚಿಸಿದೆ. ಶಹಾಬಾದ್ ಕಡೆಯ ಕಲ್ಲಿನ ಧೂಳು ಸುಣ್ಣಕಲ್ಲಿನದು. ಮೋಸ್ ಗಡಸುತನದ ಅಳತೆಯಲ್ಲಿ ಅದು ಸುಮಾರು 3, ಉಕ್ಕಿನ ಮೇಲೆ ಗೆರೆ ಎಳೆಯುವ ಶಕ್ತಿ ಅದಕ್ಕಿಲ್ಲ. ನಮ್ಮ ಎರೆಮಣ್ಣು ಬಹುಪಾಲು ಜೇಡಿ. ಮರಳಿನ ಕಣ 7ರ ಗಡಸಿನದು, ಅದು ಕೆಡುಕೇ ಸರಿ. ಆದರೆ ಕಾರ್ಬೊರಂಡಮ್ 9ನ್ನೂ ದಾಟುತ್ತದೆ, ಮತ್ತು ಕಪ್ಪು ಚುಕ್ಕೆಗಳು ಬುಷ್ಷಿನ ಒಳಮೈಯುದ್ದಕ್ಕೂ ಒಂದೇ ಸಮನಾಗಿ ಹರಡಿವೆ. ಹೊರಗಿನಿಂದ ಸೇರಿದ ಧೂಳಾಗಿದ್ದರೆ ಎರಡು ಅಂಚುಗಳಲ್ಲಿ ದಟ್ಟವಾಗಿಯೂ ನಡುವೆ ವಿರಳವಾಗಿಯೂ ಕಾಣಬೇಕಿತ್ತು.

ಇನ್ನು ಪಿನ್ ಒಂದೇ ಬದಿಯಲ್ಲಿ ಸವೆದದ್ದೇಕೆ ಎಂಬುದನ್ನು ನೋಡೋಣ, ಏಕೆಂದರೆ ಯಾವ ಲೋಹ ಹಾಕಬೇಕೆಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಬೆನ್ನಿನ ಸ್ಪ್ರಿಂಗ್ ಅಲಗಿನ ಬುಡವನ್ನು ಸದಾ ಒಂದೇ ದಿಕ್ಕಿಗೆ ನೂಕುತ್ತಿರುತ್ತದೆ. ನಿಮ್ಮ ಜೋಡಣೆಯಲ್ಲಿ ಬುಷ್ ಅಲಗಿನೊಂದಿಗೆ ತಿರುಗುವುದರಿಂದ ಅದರ ಒಳಮೈಯ ಸಾಕಷ್ಟು ಭಾಗ ಒತ್ತಡವನ್ನು ಹಂಚಿಕೊಳ್ಳುತ್ತದೆ; ಪಿನ್ ಮಾತ್ರ ಕದಲದೆ ನಿಂತು, ಸ್ಪ್ರಿಂಗಿನತ್ತ ಮುಖ ಮಾಡಿದ ತನ್ನ ಒಂದೇ ಪಕ್ಕೆಯ ಮೇಲೆ ಎಲ್ಲ ಏಟನ್ನೂ ತಿನ್ನುತ್ತದೆ. ಜೊತೆಗೆ ನಿಮ್ಮ ಸರಳು 304 ದರ್ಜೆಯ ಸ್ಟೇನ್‌ಲೆಸ್ ಎಂದು ಬರೆದಿದ್ದೀರಿ. ಅದು ತುಕ್ಕು ಹಿಡಿಯದಿರಬಹುದು, ಆದರೆ ಕಾಯಿಸಿ ಅದ್ದಿ ಗಟ್ಟಿ ಮಾಡಲು ಬರುವ ಉಕ್ಕಲ್ಲ. ಹೀಗೆ ಸವೆಯಬಾರದ ಜಾಗದಲ್ಲಿ ಮೆತ್ತನೆಯದೂ, ಕೆರೆಯಬಾರದ ಜಾಗದಲ್ಲಿ ಸಾಣೆಯೂ ಕುಳಿತವು.

ಹಾಗಾಗಿ ಇನ್ನೂ ಗಟ್ಟಿ ಬುಷ್ ಹಾಕುವುದು ನಿಮ್ಮ ತೊಂದರೆಗೆ ಮದ್ದಲ್ಲ. ಬುಷ್ಷಿನ ಲೋಹವನ್ನು ಆರಿಸುವ ಮೊದಲು ಸವೆಯುವ ಭಾಗ ಯಾವುದಾಗಬೇಕು, ಸವೆದ ಮೇಲೆ ಅದನ್ನು ಬದಲಿಸಲು ಬರುತ್ತದೆಯೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಬಿಚ್ಚಲು ಬರುವ ಚಾಕುವಿಗೆ ಕಂಚಿನ (ಫಾಸ್ಫರ್ ಬ್ರಾಂಜ್, ಗನ್‌ಮೆಟಲ್ ಎರಡೂ ಕಂಚೇ) ಬುಷ್, ರಿವಿಟ್ ಬಡಿದು ಶಾಶ್ವತವಾಗಿ ಮುಚ್ಚುವ ಚಾಕುವಿಗೆ ಗಟ್ಟಿ ಉಕ್ಕಿನ ಬುಷ್ ಎಂಬುದು ನಾನು ಪಾಲಿಸುತ್ತ ಬಂದಿರುವ ಕ್ರಮ. ನಿಮ್ಮ ಕೆಲಸದಲ್ಲಿ ಬಿದರಿ ತುಂಡಿನ ಮೇಲೆ ರಿವಿಟ್ ಬಡಿಯುವ ಪ್ರಶ್ನೆಯೇ ಏಳುವುದಿಲ್ಲ. ಸತುವಿನ ಆ ಎರಕ ಸುತ್ತಿಗೆಯ ಏಟಿಗೆ ಬಿರಿಯುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ನಿಮಗೆ ಸ್ಕ್ರೂ ಪಿವಟ್ (ಅಲಗು ತಿರುಗುವ ಅಚ್ಚು), ಕಂಚಿನ ಬುಷ್.

ಆದರೆ ಜೋಡಣೆಯನ್ನು ತಿರುವು ಹಾಕಿರಿ. ಬುಷ್ ಅಲಗಿನ ತೂತಿಗೆ ಬಿಗಿಯಾಗಿರುವುದು ಬೇಡ. ಅದು ಎರಡು ಬದಿಯ ಉಕ್ಕಿನ ತಗಡುಗಳ ನಡುವೆ ಸ್ಕ್ರೂವಿನಿಂದ ಅಮುಕಿ ನಿಂತಿರಲಿ, ಅಲಗು ಅದರ ಹೊರಮೈಯ ಮೇಲೆ ತಿರುಗಲಿ. ಬುಷ್ಷಿನ ಉದ್ದವು ಅಲಗು ಮತ್ತು ಎರಡು ವಾಷರುಗಳ ಒಟ್ಟು ದಪ್ಪಕ್ಕಿಂತ ಎಳ್ಳಷ್ಟು ಹೆಚ್ಚಿದ್ದರೆ, ಸ್ಕ್ರೂವನ್ನು ಪೂರ್ತಿ ಬಿಗಿದರೂ ಅಲಗು ಸಲೀಸಾಗಿ ತಿರುಗುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗುವ ಕಾಟವೂ ತಪ್ಪುತ್ತದೆ. ಚಾಕು ತಯಾರಕ ಕ್ರಿಸ್ ರೀವ್ ಅವರ ಸೆಬೆಂಝಾ 21 ಚಾಕುವಿನಲ್ಲಿ ಇದ್ದದ್ದು ಇದೇ ತತ್ತ್ವ. ಈ ಜೋಡಣೆಯಲ್ಲಿ ಪಿನ್ನಿನ ಮೇಲೆ ಏನೂ ಉಜ್ಜುವುದಿಲ್ಲವಾದ್ದರಿಂದ ನಿಮ್ಮ ಅದೇ 304 ಸರಳಿಗೆ ಒಳಗೆ ಥ್ರೆಡ್ ಹಾಕಿ ಬಳಸಬಹುದು. ಹಳೆಯ ಬುಷ್ ತೆಗೆದ ಮೇಲೆ ಅಲಗಿನ ತೂತು 7 ಮಿ.ಮೀ. ಉಳಿಯುತ್ತದೆ, ಹೊಸ ಬುಷ್ಷಿನ ಒಳಅಳತೆ 5, ಹೊರಅಳತೆ ಆ ತೂತಿಗಿಂತ ಮಿ.ಮೀ.ನ ಒಂದೆರಡು ನೂರಂಶ ಕಡಿಮೆ ಇರಲಿ.

ಇಲ್ಲಿ ಇನ್ನೊಂದು ಲಾಭವಿದೆ. ಬುಷ್ ಕದಲದೆ ನಿಲ್ಲುವುದರಿಂದ ಈಗ ಒಂದೇ ಪಕ್ಕೆ ಸವೆಯುವ ಸರದಿ ಅದರದು. ನಾಲ್ಕಾರು ವರ್ಷಗಳ ಮೇಲೆ ಅಲಗು ಸ್ವಲ್ಪ ಎದ್ದಂತೆ ಕಂಡರೆ, ಸ್ಕ್ರೂ ಬಿಚ್ಚಿ ಬುಷ್ಷನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಪಕ್ಕೆ ಸ್ಪ್ರಿಂಗಿನ ಎದುರಿಗೆ ಬರುತ್ತದೆ. ಒಂದು ಬುಷ್ಷಿಗೆ ಎರಡು ಆಯುಷ್ಯ.

ಈಗ ಲೋಹಗಳ ಮಾತು. ಹಿತ್ತಾಳೆ ಮೆತ್ತಗೆ, ಕಂಚು ಗಟ್ಟಿ ಎಂಬ ನಂಬಿಕೆ ಅಂಗಡಿಗಳಲ್ಲಿಯೂ ಇದೆ. ಲೇತಿಗೆ ಬರುವ ಸೀಸ ಬೆರೆತ ಹಿತ್ತಾಳೆ ಸರಳು, ಎಳೆದು ತೆಗೆದದ್ದಾದ್ದರಿಂದ, ಎಷ್ಟೋ ಗನ್‌ಮೆಟಲ್ ಎರಕಗಳಿಗಿಂತ ಗಟ್ಟಿಯಾಗಿಯೇ ಇರುತ್ತದೆ. ವ್ಯತ್ಯಾಸ ಇರುವುದು ಒಳರಚನೆಯಲ್ಲಿ. ತವರ ಸುಮಾರು ಶೇ. 10, ರಂಜಕ ಶೇ. 0.5ರ ಆಸುಪಾಸು ಇರುವ ಎರಕದ ಫಾಸ್ಫರ್ ಬ್ರಾಂಜಿನಲ್ಲಿ, ತಾಮ್ರ-ತವರಗಳ ಮತ್ತು ತಾಮ್ರ-ರಂಜಕಗಳ ಗಟ್ಟಿ ಹರಳುಗಳು ಮೆತ್ತನೆಯ ತಳದಲ್ಲಿ, ಉಪ್ಪಿಟ್ಟಿನಲ್ಲಿ ಕಡಲೆಬೇಳೆಯಂತೆ, ಅಲ್ಲಲ್ಲಿ ಕುಳಿತಿರುತ್ತವೆ. ಭಾರವನ್ನು ಹರಳುಗಳು ಹೊರುತ್ತವೆ. ಸುತ್ತಲಿನ ತಳ ತುಸು ಸವೆದು ಎಣ್ಣೆಗೆ ಎಡೆ ಮಾಡಿಕೊಡುತ್ತದೆ. ಚಾಕುವಿನ ಪಿವಟ್ಟಿಗೆ ಇದು ಮುಖ್ಯ, ಏಕೆಂದರೆ ಮೋಟಾರಿನ ಶಾಫ್ಟಿನಂತೆ ಸದಾ ತಿರುಗುತ್ತ ಎಣ್ಣೆಯ ಪದರದ ಮೇಲೆ ತೇಲುವ ಭಾಗ್ಯ ಅಲಗಿಗಿಲ್ಲ. ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ, ಮತ್ತೆ ಅರ್ಧ ಸುತ್ತು ಹಿಂದಕ್ಕೆ. ಲೋಹಕ್ಕೆ ಲೋಹ ತಾಗಿಯೇ ತಾಗುತ್ತದೆ.

ಭಾರ ಮಾತ್ರ ದೊಡ್ಡದಲ್ಲ. ಸ್ಪ್ರಿಂಗ್ 100 ನ್ಯೂಟನ್, ಅಂದರೆ ಹತ್ತು ಕಿಲೋ ತೂಕದಷ್ಟು, ಒತ್ತುತ್ತದೆ ಎಂದು ಹಿಡಿದರೂ, 7 ಮಿ.ಮೀ. ಬುಷ್ಷಿನ ಮೇಲೆ 3 ಮಿ.ಮೀ. ಅಲಗು ಕುಳಿತಾಗ ಒಂದು ಚದರ ಮಿ.ಮೀ.ಗೆ 5 ನ್ಯೂಟನ್ನಿಗಿಂತ ಕಡಿಮೆ ಬೀಳುತ್ತದೆ. ಯಾವ ಕಂಚೂ ಅದನ್ನು ಹೊರುತ್ತದೆ. ಆದ್ದರಿಂದ ಅಲ್ಯುಮಿನಿಯಂ ಬ್ರಾಂಜಿನಂಥ ಬಲಶಾಲಿ ಲೋಹಕ್ಕೆ ಹೆಚ್ಚಿನ ಹಣ ಕೊಡಬೇಕಿಲ್ಲ.

ಗನ್‌ಮೆಟಲ್, ಅದರಲ್ಲೂ ತಾಮ್ರ 85, ತವರ 5, ಸತು 5, ಸೀಸ 5 ಪಾಲಿನ ಎರಕ, ಸ್ವಲ್ಪ ಬೇಗ ಸವೆಯುತ್ತದಾದರೂ ಎಣ್ಣೆ ಆರಿದ ಸಮಯದಲ್ಲಿ ಅದರೊಳಗಿನ ಸೀಸವೇ ಜಾರಲು ನೆರವಾಗುತ್ತದೆ. ಆದರೆ ನಿಮ್ಮ ಚಾಕು ಹಣ್ಣು ಕತ್ತರಿಸುವುದಕ್ಕೆ ಹೋಗುವುದಾದರೆ ಸೀಸವಿರುವ ಲೋಹವನ್ನು ನಾನು ಹಾಕುವುದಿಲ್ಲ. ಸವೆದ ಪುಡಿ ಎಣ್ಣೆಯ ಜೊತೆ ಅಲಗಿನ ಬುಡಕ್ಕೆ ಇಳಿಯುವುದನ್ನು ಯಾರೂ ತಡೆಯಲಾರರು. ಸೀಸವಿಲ್ಲದ ಫಾಸ್ಫರ್ ಬ್ರಾಂಜ್ ಒಳ್ಳೆಯದು. ಲೇತಿನಲ್ಲಿ ಅದು ಉದ್ದನೆಯ ಸುರುಳಿ ಬಿಡುತ್ತದೆ, ತೂತನ್ನು ಅಳತೆಗೆ ತರುವ ರೀಮರನ್ನು ಹಿಡಿದು ಕಾಡುತ್ತದೆ, ಹರಿತವಾದ ಟೂಲ್ ಬೇಕು, ಇಷ್ಟನ್ನು ಸಹಿಸಿಕೊಳ್ಳಿ.

ಹೈದರಾಬಾದಿನ ರಾಣಿಗಂಜಿಗೆ ಹೋಗಿ ಬರುವವರ ಕೈಲಿ ಅರ್ಧ ಅಡಿ ಸರಳು ತರಿಸಿದರೆ ಇಪ್ಪತ್ತಕ್ಕೂ ಹೆಚ್ಚು ಬುಷ್ ಆಗುತ್ತವೆ. ಒಮ್ಮೆ ನಾನು ಫಾಸ್ಫರ್ ಬ್ರಾಂಜ್ ಎಂದು ದುಡ್ಡು ಕೊಟ್ಟು ತಂದ ಸರಳು ಲೇತಿಗೆ ಹಾಕಿದೊಡನೆ ಚಿನ್ನದ ಬಣ್ಣದ ಪುಡಿಪುಡಿ ಚೂರು ಉದುರಿಸಿತು, ಅಪ್ಪಟ ಹಿತ್ತಾಳೆ. ಅಂದಿನಿಂದ ಅಂಗಡಿಯಲ್ಲೇ ಅರದಿಂದ ಒಂದು ಮೂಲೆ ಉಜ್ಜಿ, ಹೊಸ ಮೈಯಲ್ಲಿ ಕೆಂಪು ಛಾಯೆ ಕಂಡರೆ ಮಾತ್ರ ಕೊಳ್ಳುತ್ತೇನೆ. ಗುಜರಿಯಲ್ಲಿ ಸಿಗುವ ಸಕ್ಕರೆ ಕಾರ್ಖಾನೆಯ ಗಾಣದ ಬೇರಿಂಗ್ ತುಂಡುಗಳೂ ಬೋರ್‌ವೆಲ್ ಮೋಟಾರಿನ ಬುಷ್ಷುಗಳೂ ಕಂಚೇ ಆಗಿದ್ದರೂ, ಯಾವುದರಲ್ಲಿ ಎಷ್ಟು ಸೀಸವಿದೆ ಎಂದು ಕಣ್ಣಿನಿಂದ ಹೇಳಲಾಗದು.

ಹಿತ್ತಾಳೆಯನ್ನು ಬಿಡಿ ಎನ್ನಲು, ಬೇರೆಯವರಿಗೆ ಇಲ್ಲದ ಒಂದು ಕಾರಣ ನಿಮಗಿದೆ: ನಿಮ್ಮ ಕೋಣೆಯಲ್ಲಿ ನವಸಾಗರವಿದೆ. ಬಿದರಿಯನ್ನು ಕಪ್ಪು ಮಾಡಲು ಕೋಟೆಯ ಮಣ್ಣಿನ ಜೊತೆ ನೀವು ಕುದಿಸುವ ಆ ನವಸಾಗರ ಅಮೋನಿಯಂ ಕ್ಲೋರೈಡ್. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ತಾವಾಗಿ ಸೀಳುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯವೂ, ಎಳೆದು ಮಾಡಿದ ಹಿತ್ತಾಳೆಯಲ್ಲಿ ಉಳಿದಿರುವ ಒಳಸೆಳೆತವೂ ಸೇರಿದಾಗ ಲೋಹ ಬಿರಿಯುತ್ತದೆ ಎಂಬುದನ್ನು ಲೋಹತಜ್ಞರು 1921ರಲ್ಲಿ ವಿವರಿಸಿದರು. ಎಳೆದ ಹಿತ್ತಾಳೆ ನಳಿಗೆಯಿಂದ ಕತ್ತರಿಸಿದ ಬುಷ್ಷಿನಲ್ಲಿ ಆ ಸೆಳೆತ ಇದ್ದೇ ಇರುತ್ತದೆ. ಸತು ಇಲ್ಲದ ತವರದ ಕಂಚಿಗೆ ಈ ರೋಗ ಅಷ್ಟಾಗಿ ತಗಲುವುದಿಲ್ಲ.

ಬಿದರಿ ಲೋಹದಲ್ಲೇ ಬುಷ್ ಹೊಯ್ಯುವ ಆಸೆ ನನಗೆ ಇಷ್ಟವಾಯಿತು, ಆದರೆ ಅದು ಬೇಡ. ಅದರಲ್ಲಿ ಬಹುಪಾಲು ಸತು, ತಾಮ್ರ ಅಲ್ಪ. ಸತು 419 ಡಿಗ್ರಿಗೆ ಕರಗುವ ಲೋಹ. ಅಂಥದ್ದಕ್ಕೆ ನಮ್ಮ ಏಪ್ರಿಲ್ ತಿಂಗಳ ಸೆಕೆಯೇ ಸಾಕಷ್ಟು ಬಿಸಿ. ಸ್ಕ್ರೂವಿನ ಅಮುಕಿನಲ್ಲಿ ಅದು ತಿಂಗಳುಗಟ್ಟಲೆ ನಿಧಾನವಾಗಿ ಕುಸಿಯುತ್ತ ಹೋಗಿ, ನೀವು ಕಷ್ಟಪಟ್ಟು ಇಟ್ಟ ಸಂದು ಮುಚ್ಚಿಹೋಗುತ್ತದೆ. ಬಿದರಿ ತುಂಡು ಕಂಚಿಗೆ ನೇರವಾಗಿ ತಾಗಿರುವುದೂ ಸರಿಯಲ್ಲ, ತೇವ ಬಿದ್ದರೆ ಸತು ಬೆಳ್ಳಗೆ ಹೂ ಬಿಟ್ಟು ಸವೆಯುತ್ತದೆ. ನಡುವೆ ಸ್ಟೇನ್‌ಲೆಸ್ ತಗಡು ಇರಲಿ. ತಗಡಿಗೂ ಬಿದರಿಗೂ ನಡುವೆ ಅಂಟಿನ ಪದರ ಪೂರ್ತಿ ಹರಡಿರಲಿ.

ಗಟ್ಟಿ ಉಕ್ಕಿನ ಬುಷ್, ಮುಂದೆ ಎಂದಾದರೂ ಬಿದರಿ ಇಲ್ಲದ ರಿವಿಟ್ ಚಾಕು ಮಾಡಿದರೆ ಬೇಕಾಗುತ್ತದೆ. ರಿವಿಟ್ ಬಡಿಯುವಾಗ ಕಂಚು ಅಮುಕಿ ಗಿಡ್ಡವಾಗುತ್ತದೆ, ಉಕ್ಕು ಆಗುವುದಿಲ್ಲ. ಅದನ್ನು ಹೊಸದಾಗಿ ಕೊರೆದು ಕಾಯಿಸುವ ಬದಲು ಬೇರಿಂಗ್ ಅಂಗಡಿಯಲ್ಲಿ 5 ಮಿ.ಮೀ. ಒಳಅಳತೆ, 8 ಮಿ.ಮೀ. ಹೊರಅಳತೆಯ ನೀಡಲ್ ಬೇರಿಂಗ್ ಇನ್ನರ್ ರಿಂಗ್ ಕೇಳಿ, 12 ಮಿ.ಮೀ. ಉದ್ದದ ಆ ರಿಂಗನ್ನು ನೀರು ಹನಿಸುತ್ತ ಕಟಿಂಗ್ ಡಿಸ್ಕಿನಿಂದ ಕತ್ತರಿಸಿದರೆ ಎರಡು ಮೂರು ಬುಷ್ ಸಿಗುತ್ತವೆ. ಹೊರಮೈ ಕನ್ನಡಿಯಂತೆ ಇರುವುದರಿಂದ ಅಲಗಿನ ತೂತನ್ನೂ ಅಷ್ಟೇ ನಯ ಮಾಡಬೇಕು.

ಟೆಫ್ಲಾನ್ ಬುಷ್ಷಿಗೆ ಆಗದು. ಜಾರುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅಮುಕಿದ ಕಡೆ ಮೇಣದಂತೆ ಹರಿದು ತೆಳ್ಳಗಾಗುತ್ತದೆ. ನೈಲಾನ್ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಟೇಬಲ್ ಫ್ಯಾನಿನಲ್ಲಿ ಇರುವಂಥ ಪುಡಿ ಒತ್ತಿ ಮಾಡಿದ ಬುಷ್ಷನ್ನು ನಾನೇ ಮೊದಲ ಚಾಕುವಿಗೆ ಹಾಕಿ ಕೈ ಸುಟ್ಟುಕೊಂಡಿದ್ದೇನೆ: ಶಾಫ್ಟ್ ಒಂದೇ ಸಮನೆ ತಿರುಗಿ ಬಿಸಿಯಾದಾಗ ಅದರ ರಂಧ್ರಗಳಿಂದ ಎಣ್ಣೆ ಹೊರಬರುತ್ತದೆ, ಚಾಕುವಿನಲ್ಲಿ ಬಿಸಿಯೂ ಇಲ್ಲ, ಎಣ್ಣೆಯೂ ಇಲ್ಲ, ತೆಳ್ಳಗೆ ಉಜ್ಜಿದಾಗ ರಂಧ್ರಗಳು ಮುಚ್ಚಿಹೋದವು, ಅಂಚು ರೊಟ್ಟಿಯಂತೆ ಮುರಿಯಿತು.

ಬಿಸಿಲಿನ ಭಯ ಬಿಡಿ. ಕಂಚು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 18 ಪಾಲು ಹಿಗ್ಗಿದರೆ ಉಕ್ಕು ಸುಮಾರು 12 ಪಾಲು ಹಿಗ್ಗುತ್ತದೆ. ಡಿಸೆಂಬರಿನ ಬೆಳಗಿನ 10 ಡಿಗ್ರಿಯಿಂದ ಮೇ ತಿಂಗಳ 45 ಡಿಗ್ರಿಗೆ ಹೋದರೂ, ಮೂರೂವರೆ ಮಿ.ಮೀ. ಬುಷ್ಷಿಗೂ ಅಷ್ಟೇ ದಪ್ಪದ ಉಕ್ಕಿಗೂ ಬರುವ ವ್ಯತ್ಯಾಸ ಒಂದು ಮೈಕ್ರಾನಿಗಿಂತ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಕಡಿಮೆ. ನಿಮ್ಮ ಚಾಕು ಬಿಗಿಯಾಗುತ್ತಿದ್ದರೆ ತಪ್ಪು ಕುಸುಬಿ ಎಣ್ಣೆಯದು. ರೊಟ್ಟಿ-ಚಟ್ನಿಪುಡಿಗೆ ಅದು ಅಮೃತ. ಪಿವಟ್ಟಿನಲ್ಲಿ ಗಾಳಿಗೆ ಒಣಗಿ ಅಂಟಾಗುತ್ತದೆ, ಬಣ್ಣದ ಉದ್ಯಮದಲ್ಲಿ ಅದನ್ನು ಬಳಸುವುದೂ ಆ ಒಣಗುವ ಗುಣಕ್ಕಾಗಿಯೇ. ಆ ಅಂಟಿಗೆ ಧೂಳು ಸೇರಿದರೆ ಇನ್ನೊಂದು ಬಗೆಯ ಪೇಸ್ಟ್ ತಯಾರಾದಂತೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಬಿಡಿ. ಅದು ಒಣಗುವುದಿಲ್ಲ, ಹಣ್ಣಿಗೆ ತಾಗಿದರೂ ಅಂಜಿಕೆಯಿಲ್ಲ.

ಕೊನೆಗೆ ಅಳತೆ, ಲೋಹಕ್ಕಿಂತ ಇದೇ ಹೆಚ್ಚು ಕೈ ಬೇಡುವುದು. ಅಲಗು 3.00, ಫಾಸ್ಫರ್ ಬ್ರಾಂಜ್ ತಗಡಿನ ವಾಷರುಗಳು ತಲಾ 0.20, ಒಟ್ಟು 3.40, ಬುಷ್ 3.43ಕ್ಕೆ ನಿಲ್ಲಲಿ. ವರ್ನಿಯರಿನ ಅತಿ ಚಿಕ್ಕ ಅಳತೆಯೇ 0.02 ಇರುವಾಗ 0.03ರ ಸಂದನ್ನು ಅದರಿಂದ ಅಳೆಯುವುದು ತೂಗುತಕ್ಕಡಿಯಲ್ಲಿ ಕೇಸರಿ ತೂಗಿದಂತೆ. ಮೈಕ್ರೋಮೀಟರ್ ಕೊಳ್ಳಿ, ಇಲ್ಲವೇ ಎರವಲು ತನ್ನಿ. ವಾಷರ್ 10 ಮಿ.ಮೀ. ಅಗಲವಿದ್ದಾಗ 0.05ರ ಸಂದು 80 ಮಿ.ಮೀ. ಅಲಗಿನ ತುದಿಯಲ್ಲಿ 0.4 ಮಿ.ಮೀ. ಅಲುಗಾಟವಾಗುತ್ತದೆ, 0.03 ಇದ್ದರೆ 0.24. ವಾಷರನ್ನು 14 ಮಿ.ಮೀ.ಗೆ ಅಗಲಿಸಿದರೆ 0.17ಕ್ಕೆ ಇಳಿಯುತ್ತದೆ, ಜಾಗವಿದ್ದರೆ ಅಗಲಿಸಿ. ಬುಷ್ಷನ್ನು ಮೊದಲು 3.50ಕ್ಕೆ ಕತ್ತರಿಸಿ, ತೂತು ಕೊರೆದ ಉಕ್ಕಿನ ಗಟ್ಟಿಯೊಂದರಲ್ಲಿ ನೆಟ್ಟಗೆ ನಿಲ್ಲಿಸಿ, ದಪ್ಪ ಗಾಜಿನ ಮೇಲೆ ಅಂಟಿಸಿದ 600 ನಂಬರಿನ ಎಮರಿ ಕಾಗದದ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ. ಹತ್ತು ಸುತ್ತಿಗೊಮ್ಮೆ ಒರೆಸಿ ಅಳೆಯಿರಿ. ಶಹಾಬಾದ್ ಕಲ್ಲು ಮನೆಯಂಗಳಕ್ಕೆ ಎಷ್ಟೇ ಸಪಾಟಾಗಿದ್ದರೂ ಈ ಕೆಲಸಕ್ಕೆ ಗಾಜೇ ಬೇಕು.

ಅಲಗಿನ 7 ಮಿ.ಮೀ. ತೂತನ್ನು ನಯ ಮಾಡಲು ಪೇಸ್ಟ್ ಬೇಕಾದರೆ, ಅಲಗನ್ನು ಒಂಟಿಯಾಗಿ ಹಿಡಿದು ತಾಮ್ರದ ಸರಳಿನಿಂದ ಮಾಡಿ, ಸೀಮೆಎಣ್ಣೆಯಲ್ಲಿ ತೊಳೆದು, ಸೋಪುನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆಯ ಬತ್ತಿ ತೂತಿನಲ್ಲಿ ಎಳೆದಾಗ ಬೂದು ಬಣ್ಣ ಬರದಂತಾದ ಮೇಲೆಯೇ ಬುಷ್ ಹತ್ತಿರ ತನ್ನಿ. ಬಿದರಿ ತುಂಡನ್ನು ಜೋಡಣೆಗೆ ಮುಂಚೆಯೇ ಕಪ್ಪು ಮಾಡಿ, ಎರಡು ಮೂರು ಸಲ ಬಿಸಿನೀರು ಬದಲಿಸಿ ತೊಳೆದು, ಒಂದು ದಿನ ಒಣಗಿಸಿ ಆಮೇಲೆ ಕೂರಿಸಿ. ಸಂದಿಯಲ್ಲಿ ಉಳಿದ ನವಸಾಗರಕ್ಕೆ ಅಲಗಿನ ಬುಡದಲ್ಲಿ ತುಕ್ಕು ಏಳಿಸಲು ಒಂದು ಮಳೆಗಾಲ ಸಾಕು. ನಿಮ್ಮ ಪಿನ್ ಮತ್ತು ಸೀಳಿದ ಬುಷ್ಷನ್ನು ಅದೇ ಬೆಂಕಿಪೊಟ್ಟಣದಲ್ಲಿ ಹಿಂದಿರುಗಿಸುತ್ತಿದ್ದೇನೆ, ಬುಷ್ಷಿನ ಒಳಮೈಯನ್ನು ನೀವೂ ಒಮ್ಮೆ ಕಣ್ಣುಗಾಜಿನಲ್ಲಿ ನೋಡಿ.